ಏನೂ ಹಾಕದ ಪ್ರನಾಳ

ಸುದ್ದಿ ಬಂದ ದಿನ ಮೇಷ್ಟ್ರು ತಮ್ಮ ತಂಗಿಯ ತರಗತಿಯನ್ನೇ ನೋಡಿಕೊಳ್ಳುತ್ತಿದ್ದರು. ಅಣ್ಣ, ತಂಗಿ ಇಬ್ಬರೂ ಒಂದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಕಪ್ಪುಹಲಗೆ ಅಣ್ಣನ ಪಾಲು, ಪ್ರಯೋಗಶಾಲೆ ತಂಗಿಯ ಪಾಲು. ಆಕೆ ಪರೀಕ್ಷಕಿಯಾಗಿ ಪರವೂರಿನ ಕಾಲೇಜಿಗೆ ಹೋಗಿದ್ದರಿಂದ ಅಂದು ಆಕೆಯ ಹುಡುಗಿಯರನ್ನು ಸುಧಾರಿಸುವ ಕೆಲಸ ಅಣ್ಣನ ತಲೆಯ ಮೇಲೆ ಬಿದ್ದಿತ್ತು. ಅವರು ಹೈಡ್ರೋಜನ್ ಪೆರಾಕ್ಸೈಡಿನ ಸೀಸೆ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಗಾಜಿನ ಪ್ರನಾಳಗಳಿಗೆ ಹಂಚುತ್ತಿದ್ದಾಗ ಕಾಲೇಜಿನ ಗುಮಾಸ್ತರು ಬಾಗಿಲಲ್ಲಿ ಬಂದು ನಿಂತರು.

“ಮೇಷ್ಟ್ರೇ, ಒಂದ್ನಿಮಿಷ ಹೊರಗೆ ಬರ್ತೀರಾ?”

“ಕೈಯಲ್ಲಿ ಸೀಸೆ ಇದೆ ಕಣ್ರೀ. ಏನಿದ್ರೂ ಅಲ್ಲಿಂದ್ಲೇ ಹೇಳಿ.”

ಗುಮಾಸ್ತರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಸದಾ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುವ ಮನುಷ್ಯ ಹೀಗೆ ನಿಧಾನ ಮಾಡಿದ್ದನ್ನು ಕಂಡು ಮೇಷ್ಟ್ರು ಸುರಿಯುವುದನ್ನು ನಿಲ್ಲಿಸಿದರು.

“ಆ ಕಾಲೇಜಿಂದ ಫೋನ್ ಬಂದಿತ್ತು. ಮೇಡಮ್ಮೋರು... ಹುಡುಗರು ಪ್ರಯೋಗ ಮುಗಿಸ್ಲಿ ಅಂತ ವರಾಂಡದ ಬೆಂಚಿನ ಮೇಲೆ ಕೂತಿದ್ರಂತೆ. ಮುಗೀತು ಬನ್ನಿ ಅಂತ ಕರೆಯೋಕೆ ಹೋದ್ರೆ...”

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಬಿಕ್ಕಿದಳು. ಉಳಿದವರು ಕೈಯಲ್ಲಿದ್ದುದನ್ನು ಕೈಯಲ್ಲೇ ಹಿಡಿದು ಕಲ್ಲಾಗಿ ನಿಂತರು. ಮೇಷ್ಟ್ರು ಸೀಸೆಗೆ ಬಿರಟೆ ಹಾಕಿದರು, ಮೇಜಿನ ಮೇಲಿಟ್ಟರು, ಅದು ನೆಟ್ಟಗೆ ನಿಂತಿದೆಯೇ ಎಂದು ನೋಡಿದರು.

“ನಿಲ್ಲಿಸ್ಬೇಡಿ. ಪ್ರಯೋಗಾನ ಅರ್ಧಕ್ಕೆ ಬಿಡಬಾರ್ದು. ಮುಗಿಸಿ,” ಎಂದರು.

ಅದು ತಂಗಿಯ ಮಾತು. ಗಾಜು ಒಡೆಯಲಿ, ಕರೆಂಟು ಹೋಗಲಿ, ಆಕೆ ಯಾರನ್ನೂ ಅರ್ಧದಲ್ಲಿ ಎದ್ದುಹೋಗಲು ಬಿಟ್ಟವಳಲ್ಲ. ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಲೇ ಅಳತೆ ನೋಡಿದರು, ಬರೆದುಕೊಂಡರು, ಪ್ರನಾಳಗಳನ್ನು ತೊಟ್ಟಿಗೆ ಬರಿದು ಮಾಡಿ ಬುಟ್ಟಿಗೆ ಹಾಕಿದರು. ಕೊನೆಯವಳು ಮುಗಿಸುವವರೆಗೆ ಮೇಷ್ಟ್ರು ನಿಂತೇ ಇದ್ದರು. ಆಮೇಲೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

ಆ ಪ್ರಯೋಗ ಅಂಥ ದೊಡ್ಡದೇನೂ ಅಲ್ಲ. ಪೆರಾಕ್ಸೈಡ್ ನೋಡಲು ನೀರಿನಂತೆಯೇ ಇರುತ್ತದೆ. ಅದರ ಪಾಡಿಗೆ ಬಿಟ್ಟರೆ ಒಡೆದು ನೀರೂ ಆಮ್ಲಜನಕವೂ ಆಗುವುದೇನೋ ನಿಜ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ. ಅದಕ್ಕೆ ಒಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಪುಡಿ ಹಾಕಿದಿರೋ, ಹಾಲು ಉಕ್ಕಿದಂತೆ ಉಕ್ಕಿ ಬರುತ್ತದೆ. ಎಲ್ಲ ಮುಗಿದ ಮೇಲೆ ಸೋಸಿ, ಒಣಗಿಸಿ, ತೂಗಿ ನೋಡಿದರೆ ಪುಡಿ ಹಾಕಿದಷ್ಟೇ ಇರುತ್ತದೆ. ತಾನು ಸವೆಯದೆ ಕೆಲಸ ಮಾಡಿಸುವ ಇಂಥ ವಸ್ತುವಿಗೆ ಕ್ರಿಯಾವರ್ಧಕ ಎಂದು ಹೆಸರು.

ತಂಗಿ ಇದಕ್ಕೆ ತನ್ನದೊಂದು ಕಟ್ಟಳೆ ಸೇರಿಸಿದ್ದಳು. ಪ್ರತಿಯೊಬ್ಬಳ ಮುಂದೆಯೂ ಒಂದು ಪ್ರನಾಳದಲ್ಲಿ ಬರಿಯ ಪೆರಾಕ್ಸೈಡ್ ಇರಬೇಕು, ಅದಕ್ಕೆ ಏನನ್ನೂ ಹಾಕಬಾರದು. “ಬರಿಯದು ಬಾಯಿ ಮುಚ್ಕೊಂಡಿದ್ರೆ ಮಾತ್ರ ಮಿಕ್ಕವುಗಳ ಮಾತು ನಂಬಬಹುದು ಕಣ್ರೇ,” ಎನ್ನುತ್ತಿದ್ದಳು. ಅದು ಬಾಯಿ ಮುಚ್ಚಿಕೊಂಡೇ ಇರುತ್ತಿತ್ತು. ಆಕೆ ಕಲಿಸಿದಷ್ಟು ಕಾಲವೂ ಒಂದು ಗುಳ್ಳೆಯನ್ನೂ ಬಿಟ್ಟದ್ದಿಲ್ಲ.

ಅಂತ್ಯಕ್ರಿಯೆ ಮುಗಿಸಿ ಮೇಷ್ಟ್ರು ಕಾಲೇಜಿಗೆ ಮರಳಿದ ಮೇಲೆ ಎರಡನೆಯ ತಂಡದವರು ಅದೇ ಪ್ರಯೋಗಕ್ಕೆ ನಿಂತರು. ಪೆರಾಕ್ಸೈಡ್ ಹಂಚಿ ಇನ್ನೂ ಯಾರೂ ಕರಿಪುಡಿಯ ಡಬ್ಬಿ ಮುಟ್ಟಿರಲಿಲ್ಲ. ಅಷ್ಟರಲ್ಲಿ ಬರಿಯ ಪ್ರನಾಳಗಳು ಒಂದೊಂದಾಗಿ ಮಾತಾಡತೊಡಗಿದವು. ಮೊದಲು ಗಾಜಿನ ಗೋಡೆಗೆ ಸಾಸಿವೆಯಷ್ಟು ಗುಳ್ಳೆಗಳು ಅಂಟಿಕೊಂಡವು. ಆಮೇಲೆ ಸಾಲುಸಾಲಾಗಿ ಮೇಲೇರಿದವು. ಕಿವಿಗೊಟ್ಟರೆ ಸುಯ್ ಎಂಬ ಸಣ್ಣ ಸದ್ದು. ಯಾರೋ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ ಹಾಗೆ.

“ಅಯ್ಯೋ, ನಾನೇನೂ ಹಾಕಿಲ್ಲ ಸಾರ್!” ಎಂದಳು ಒಬ್ಬಳು.

“ನಾನೂ ಹಾಕಿಲ್ಲ!”

“ಬದುಕಿದ್ದಾಗ ವೈವಾದಲ್ಲಿ ನಮ್ಮ ಬೆವರಿಳಿಸ್ತಿದ್ರು. ಮೇಡಂ ಈಗ್ಲೂ ಬಿಡ್ತಿಲ್ಲ ನೋಡೇ,” ಎಂದು ಇನ್ನೊಬ್ಬಳು ಪಿಸುಗುಟ್ಟಿದಳು. ಹೇಳುವಾಗ ತಮಾಷೆಯಾಗಿಯೇ ಹೇಳಿದ್ದಳು. ಆದರೆ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಪಕ್ಕದ ಮೊಳೆಯ ಕಡೆಗೆ ಹೊರಳಿತು. ಅಲ್ಲಿ ಆಕೆಯ ಬಿಳಿ ಕೋಟು, ಆಮ್ಲ ತಾಗಿ ತೂತುಬಿದ್ದ ತೋಳುಗಳನ್ನು ಇಳಿಬಿಟ್ಟುಕೊಂಡು, ತೂಗುತ್ತಿತ್ತು.

ಮೇಷ್ಟ್ರು ಒಂದು ಪ್ರನಾಳವನ್ನು ಎತ್ತಿ ಕಿವಿಯ ಹತ್ತಿರ ಹಿಡಿದರು. ಇಷ್ಟು ವರ್ಷ ಪಾಠ ಹೇಳಿದ ಮನುಷ್ಯ. ಏನೂ ಹಾಕದೆ ಏನೂ ಉಕ್ಕುವುದಿಲ್ಲ, ಏನೋ ಇದ್ದೇ ಇದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆ ‘ಏನೋ’ ಯಾವುದೆಂದು ನೋಡಲು ಪ್ರನಾಳವನ್ನು ಒಂದು ಬಿಳಿ ಕಾಗದದ ಮುಂದೆ ಹಿಡಿದಿದ್ದರೆ ಸಾಕಾಗಿತ್ತು. ಅವರು ಹಿಡಿಯಲಿಲ್ಲ. ತುಂಬ ಮೆಲ್ಲಗೆ, ಹುಡುಗಿಯರಿಗೆ ಕೇಳದಂತೆ, “ಬಂದ್ಯಾ ಕೂಸೇ?” ಎಂದರು.

ತಲೆ ನರೆತ ತಂಗಿಯನ್ನು ಅವರು ಕರೆಯುತ್ತಿದ್ದುದೇ ಹಾಗೆ. ಆಕೆ ಮದುವೆಯಾಗಲಿಲ್ಲ, ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಬಾಳಿದವಳು.

ಅಂದಿನಿಂದ ಮೇಷ್ಟ್ರು ಕಾಲೇಜಿಗೆ ಎಲ್ಲರಿಗಿಂತ ಮೊದಲು ಬರತೊಡಗಿದರು. ಬೀಗ ತೆಗೆದು ಒಳಗೆ ಹೋದರೆ ಪ್ರಯೋಗಶಾಲೆಯ ಆ ವಾಸನೆ, ಗ್ಯಾಸು, ಗಂಧಕ, ಒದ್ದೆ ಮರ ಎಲ್ಲ ಕಲೆತದ್ದು, ಮೂಗಿಗೆ ಬಡಿಯುತ್ತಿತ್ತು. ಬುಟ್ಟಿಯಿಂದ ಪ್ರನಾಳವೊಂದನ್ನು ತೆಗೆದು ಪೆರಾಕ್ಸೈಡ್ ಸುರಿದು ತಂಗಿಯ ಸ್ಟೂಲಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಗುಳ್ಳೆಗಳು ಏಳುತ್ತಿದ್ದವು. ಅವರು ಕೇಳುತ್ತಿದ್ದರು. ನೋವಾಯ್ತೇ? ಯಾರನ್ನಾದರೂ ಕೂಗಿದೆಯಾ? ಆ ಬೆಂಚು ತಣ್ಣಗಿತ್ತೇ? ಸದ್ದು ಜೋರಾದರೆ ಒಂದು ಉತ್ತರ, ಕುಗ್ಗಿದರೆ ಒಂದು ಉತ್ತರ. ಕೆಲವೊಮ್ಮೆ ಬೆನ್ನ ಹಿಂದೆ ಸ್ಟೂಲು ಕಿರುಗುಟ್ಟಿದಂತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಎದ್ದು ಹೋದಾಳೆಂಬ ಭಯ.

ಅಟೆಂಡರ್ ಇದನ್ನು ಕಂಡೂ ಕಾಣದಂತಿದ್ದ. ಪ್ರನಾಳ ತೊಳೆಯುವ ಕುಂಚವನ್ನು ಸದಾ ಜೇಬಿನಲ್ಲಿ ಸಿಕ್ಕಿಸಿಕೊಂಡಿರುವ ಅವನಿಗೆ ಹುಡುಗಿಯರು ಬ್ರಷ್ಷಪ್ಪ ಎಂದು ಹೆಸರಿಟ್ಟಿದ್ದರು. ಒಮ್ಮೆ ಮಾತ್ರ ಅವನು ಬಾಗಿಲಲ್ಲಿ ನಿಂತು ಕೆಮ್ಮಿದ.

“ಸಾರ್, ಒಳಗೆ ಯಾರಾದ್ರೂ ಇದ್ದಾರಾ?”

“ನಾನಿಲ್ವೇನಯ್ಯಾ?”

“ನೀವಿದ್ದೀರಿ ಸಾರ್. ಮಾತಾಡೋದು ಕೇಳಿಸ್ತು, ಅದಕ್ಕೆ. ಗುಡಿಸೋದು ನಿಧಾನಕ್ಕಾಗ್ಲಿ ಬಿಡಿ, ಕಸ ಎಲ್ಲಿಗೂ ಓಡಿಹೋಗಲ್ಲ,” ಎಂದು ಅವನು ಕಾಲುಸಪ್ಪಳ ಮಾಡದೆ ಹೊರಟುಹೋದ.

ಮನೆಯಲ್ಲಿ ಬೇರೆಯದೇ ಒಂದು ಸಂಕಟ ನಡೆದಿತ್ತು. ಮೇಷ್ಟ್ರು ದೈವಭಕ್ತರು. ಬೆಳಗ್ಗೆ ಸಂಜೆ ಪ್ರಾರ್ಥನೆ ತಪ್ಪಿಸಿದವರಲ್ಲ. ಪ್ರಾರ್ಥನೆಯ ಕೊನೆಗೆ ಗತಿಸಿದ ಹಿರಿಯರನ್ನು ಒಬ್ಬೊಬ್ಬರಾಗಿ ನೆನೆದು ಅವರಿಗೆ ಶಾಂತಿ ಕೋರುವುದು ಆ ಮನೆಯ ರೂಢಿ. ಈಗ ಅವರು ತಂದೆಯನ್ನು ನೆನೆಯುತ್ತಿದ್ದರು, ತಾಯಿಯನ್ನು ನೆನೆಯುತ್ತಿದ್ದರು, ಅಲ್ಲಿಗೆ ನಿಲ್ಲಿಸಿ ಎದ್ದುಬಿಡುತ್ತಿದ್ದರು. ತಂಗಿಗೆ ಶಾಂತಿ ಬೇಡಿದರೆ ಹೋಗಿ ಬಾ ಎಂದ ಹಾಗಾಯಿತು. ಹೋಗು ಎನ್ನಲು ಅವರಿಗೆ ನಾಲಗೆ ಬರುತ್ತಿರಲಿಲ್ಲ.

ಹೆಂಡತಿ ಕೆಲವು ದಿನ ಇದನ್ನು ಗಮನಿಸಿದಳು. ಒಂದು ಸಂಜೆ ಅವರು ಏಳುವ ಮೊದಲೇ ಅಡ್ಡ ಕುಳಿತಳು.

“ರೀ, ಅವಳ ಹೆಸರು ಯಾಕೆ ಹೇಳ್ತಿಲ್ಲ?”

“ಹೇಳೋಣ.”

“ಯಾವಾಗ?”

“ಅಷ್ಟು ಅವಸರ ಏನಿದೆ? ಅವಳು ಇನ್ನೂ...” ಎಂದು ಮಾತನ್ನು ನುಂಗಿಕೊಂಡರು.

“ಇನ್ನೂ ಏನು? ಹೇಳಿ. ಬ್ರಷ್ಷಪ್ಪನ ಹೆಂಡತಿ ನನಗೆಲ್ಲಾ ಹೇಳಿದ್ಲು. ಬೆಳಬೆಳಗ್ಗೆ ಹೋಗಿ ಗಾಜಿನ ಹತ್ರ ಮಾತಾಡ್ತೀರಂತೆ. ನಿಮಗೊಬ್ರಿಗೇ ತಂಗಿ ಅಂದ್ಕೊಂಡ್ರಾ ಅವಳು? ನಾನು ಈ ಮನೆಗೆ ಬಂದಾಗ ಅವಳಿಗಿನ್ನೂ ಎರಡು ಜಡೆ. ಎಷ್ಟು ಜಗಳ ಆಡಿದ್ದೀವಿ, ಎಷ್ಟು ನಕ್ಕಿದ್ದೀವಿ. ರಾತ್ರಿ ಮಲಗಿದ್ರೆ ಮಹಡಿ ಮೇಲೆ ಚಪ್ಪಲಿ ಸದ್ದು ಕೇಳುತ್ತೆ ನನಗೆ. ಅವಳನ್ನ ಅಲ್ಲೂ ಇಲ್ಲದ ಹಾಗೆ ಇಲ್ಲೂ ಇಲ್ಲದ ಹಾಗೆ ನಿಲ್ಲಿಸಿಟ್ಟಿದ್ದೀರಲ್ಲಾ, ನಿಮಗೆ ಕರುಣೆ ಬೇಡ್ವಾ?”

ಮೇಷ್ಟ್ರು ಮರುದಿನವೂ ಬೇಗನೆ ಎದ್ದು ಕಾಲೇಜಿಗೆ ಹೋದರು.

ಇತ್ತ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬರುತ್ತಿತ್ತು. ಹುಡುಗಿಯರು ಇಬ್ಬಿಬ್ಬರಾಗಿ ಅಲ್ಲದೆ ಪ್ರಯೋಗಶಾಲೆಗೆ ಕಾಲಿಡುತ್ತಿರಲಿಲ್ಲ. ತಂಗಿ ಚೂಟಿ ಎಂದು ಕರೆಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಪರೀಕ್ಷೆಯ ತಾಲೀಮು ನಡೆಯುತ್ತಿದ್ದ ದಿನ ಅವಳು ನೆಟ್ಟಗೆ ಮೇಷ್ಟ್ರ ಮೇಜಿಗೇ ಬಂದಳು.

“ಸಾರ್, ಬರಿಯ ಪ್ರನಾಳದ ಮುಂದೆ ನಾನು ಏನಂತ ಬರೀಲಿ?”

“ನೋಡಿದ್ದನ್ನ ಬರಿ.”

“ನೋಡಿದ್ದನ್ನ ಬರೆದ್ರೆ, ಕ್ರಿಯಾವರ್ಧಕ ಇಲ್ದೇನೂ ಉಕ್ಕುತ್ತೆ ಅಂತಾಗುತ್ತೆ. ಹಾಗಾದ್ರೆ ಮೇಡಂ ನಮಗೆ ಕಲಿಸಿದ್ದು ಸುಳ್ಳಾ?”

ಮೇಷ್ಟ್ರ ಮುಖ ಕೆಂಪಾಯಿತು. “ಅವಳು ಸುಳ್ಳು ಕಲಿಸೋಳಲ್ಲ!”

“ನಾನೂ ಅದನ್ನೇ ಹೇಳೋದು ಸಾರ್. ಸುಳ್ಳಲ್ಲ ಅಂದ್ರೆ ಇದು ಯಾಕೆ ಹೀಗೆ ಮಾಡ್ತಿದೆ? ನೀವು ದಿನಾ ನೋಡ್ತೀರಿ, ಒಂದಿನಾನೂ ಯಾಕೆ ಅಂತ ಹೇಳ್ಲಿಲ್ಲ.”

ಹೇಳಿದ ಮೇಲೆ ಚೂಟಿಗೇ ಗಾಬರಿಯಾಗಿರಬೇಕು. ತನ್ನ ಜಾಗಕ್ಕೆ ಮರಳಿ ಸ್ಟ್ಯಾಂಡಿನಿಂದ ಬರಿಯ ಪ್ರನಾಳವನ್ನು ಅವಸರದಿಂದ ಸೆಳೆದಳು. ಅದು ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಮೇಷ್ಟ್ರು ಬೈಯಲಿಲ್ಲ. ಬುಟ್ಟಿಯಲ್ಲಿ ಬೇರೆ ಉಳಿದಿರಲಿಲ್ಲವಾದ್ದರಿಂದ ಬ್ರಷ್ಷಪ್ಪ ದಾಸ್ತಾನು ಕೋಣೆಯಿಂದ ಹೊಸ ಪೆಟ್ಟಿಗೆ ಒಡೆದು, ಹೊಟ್ಟು ಕೊಡವಿ ಒಂದನ್ನು ತಂದುಕೊಟ್ಟ. ಚೂಟಿ ಅದನ್ನು ತೊಳೆದು ಪೆರಾಕ್ಸೈಡ್ ಸುರಿದಳು.

ಸುತ್ತಲಿನ ಪ್ರನಾಳಗಳೆಲ್ಲ ಸುಯ್ ಎನ್ನುತ್ತಿದ್ದವು. ಅದೊಂದು ಸುಮ್ಮನಿತ್ತು.

“ಸಾರ್!” ಎಂದು ಚೂಟಿ ಕೂಗಿದಳು. “ಇದು ಬಾಯಿ ಮುಚ್ಕೊಂಡಿದೆ ಸಾರ್!”

ಮೇಷ್ಟ್ರು ಎದ್ದು ಬಂದರು. ಬಗ್ಗಿ ನೋಡಿದರು. ತಿಳಿಯಾದ ದ್ರವ, ಕದಲಿಕೆಯಿಲ್ಲ. “ಚೆಲ್ಲಿ ಇನ್ನೊಂದು ಸಲ ಹಾಕು,” ಎಂದರು. ಅವಳು ಹಾಕಿದಳು. ಸುಮ್ಮನಿತ್ತು. “ಇನ್ನೊಂದು ಸಲ,” ಎಂದರು. ಆ ದನಿ ಪ್ರಯೋಗ ಮಾಡಿಸುವವರದಾಗಿರಲಿಲ್ಲ, ಯಾಚಿಸುವವರದಾಗಿತ್ತು. ಚೂಟಿ ಅವರ ಮುಖ ನೋಡಿದಳು. ಮತ್ತೆ ಹಾಕಿದಳು. ಏನೂ ಆಗಲಿಲ್ಲ.

“ಇವತ್ತಿಗೆ ಸಾಕು. ಎಲ್ಲರೂ ಹೋಗಿ.”

ಪ್ರಯೋಗ ಅರ್ಧದಲ್ಲಿತ್ತು. ಯಾರೂ ಅದನ್ನು ನೆನಪಿಸಲಿಲ್ಲ. ಸದ್ದಿಲ್ಲದೆ ಚೀಲ ತೆಗೆದುಕೊಂಡು ಹೋದರು.

ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಮೇಷ್ಟ್ರು ಹಳೆಯ ಪ್ರನಾಳವೊಂದನ್ನು ಬರಿದು ಮಾಡಿ ಬಿಳಿಯ ಕಾಗದದ ಮುಂದೆ ಹಿಡಿದರು. ಮೊದಲ ದಿನ ಮಾಡಬೇಕಾಗಿದ್ದ ಕೆಲಸ. ತಳದಲ್ಲಿ, ಗೋಡೆಯ ಮೇಲೆ, ಒಣಗಿದ ಚಹದ ಕಲೆಯಂಥ ತೆಳ್ಳನೆಯ ಕಂದು ಪೊರೆ. ಇನ್ನೊಂದನ್ನು ಹಿಡಿದರು, ಅದರಲ್ಲೂ ಅದೇ. ಕರಿಪುಡಿ ಗಾಜಿಗೆ ಅಂಟಿ ಉಳಿದಿತ್ತು. ಹಾಗೆ ಉಳಿದದ್ದು ಸವೆಯದೆ, ಸುರಿದ ಪೆರಾಕ್ಸೈಡನ್ನೆಲ್ಲ ಒಡೆಯುತ್ತಲೇ ಇತ್ತು. ಇಷ್ಟೇ.

“ಬ್ರಷ್ಷಪ್ಪಾ!”

“ಸಾರ್.”

“ಈ ಪ್ರನಾಳಗಳನ್ನ ತೊಳೆಯೋರು ಯಾರು?”

“ನಾನೇ ಸಾರ್. ಎಲ್ಲಾದಕ್ಕೂ ಸೋಪು, ನೀರು, ಬ್ರಷ್ಷು. ನನ್ನ ತೊಳೆಯೋದ್ರಲ್ಲಿ ಏನಾದ್ರೂ ತಪ್ಪಾಯ್ತಾ?”

“ಇಲ್ಲ ಇಲ್ಲ. ಮೊದಲಿಂದ್ಲೂ ನೀನೇನಾ?”

ಅವನು ತಲೆ ಕೆರೆದುಕೊಂಡ. “ಈ ಉಕ್ಕೋ ಪ್ರಯೋಗದ್ದು ಮಾತ್ರ ಮೇಡಂ ನನಗೆ ಕೊಡ್ತಿರ್ಲಿಲ್ಲ ಸಾರ್. ನೀನು ಮನೆಗೆ ನಡಿ, ಇದು ನನ್ನ ಕೆಲಸ ಅಂತ ಬಾಗ್ಲು ಹಾಕ್ಕೊಳ್ಳೋರು. ಏನು ಮಾಡೋರೋ ನನಗೆ ಗೊತ್ತಿಲ್ಲ. ಜಪಗಿಪ ಮಾಡ್ತಾರೇನೋ ಅಂದ್ಕೊಂಡಿದ್ದೆ. ಆಚೆ ಬಂದಾಗ ಕೆಮ್ಮೋರು.”

ಏನು ಮಾಡುತ್ತಿದ್ದಳೆಂದು ಮೇಷ್ಟ್ರಿಗೆ ಗೊತ್ತಾಯಿತು. ಆ ಕಲೆ ನೀರಿಗೆ, ಸೋಪಿಗೆ ಬಗ್ಗುವುದಲ್ಲ. ಆಕ್ಸಾಲಿಕ್ ಆಮ್ಲವನ್ನು ನೀರುಬೆರೆಸಿದ ಗಂಧಕಾಮ್ಲದೊಂದಿಗೆ ಬೆಚ್ಚಗೆ ಮಾಡಿ, ಪ್ರನಾಳಗಳನ್ನು ಅದರಲ್ಲಿ ನೆನೆಹಾಕಿ, ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ಮತ್ತೆ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿಸಬೇಕು. ಪ್ರತಿ ತಂಡ ಮುಗಿದ ಮೇಲೂ, ವರ್ಷವರ್ಷವೂ, ಆಕೆ ಅದನ್ನು ಒಬ್ಬಳೇ ಮಾಡಿದ್ದಳು. ಆಮ್ಲದ ಕೆಲಸ ಇನ್ನೊಬ್ಬರ ಕೈಗೆ ಯಾಕೆ ಎಂದುಕೊಂಡಿರಬೇಕು. ಯಾರಿಗೂ ಹೇಳಿರಲಿಲ್ಲ.

ಆಗ ಅವರಿಗೆ ಆಕೆಯ ಬೆರಳುಗಳು ನೆನಪಾದವು. ಚರ್ಮ ಒಣಗಿ, ಬಿರುಕುಬಿಟ್ಟು, ಉಗುರಿನ ಬುಡ ಬೆಳ್ಳಗಾಗಿ ಇರುತ್ತಿದ್ದವು. ಊಟದ ಹೊತ್ತಿಗೆ ಉಪ್ಪು ತಾಗಿದರೆ ಆಕೆ ಮುಖ ಕಿವುಚುತ್ತಿದ್ದಳು. “ನೀನು ಮೇಷ್ಟ್ರಿಣಿಯೋ ಪಾತ್ರೆ ತಿಕ್ಕೋಳೋ?” ಎಂದು ತಾವು ಛೇಡಿಸಿದ್ದರು. “ಎರಡೂ ಒಂದೇ ಅಣ್ಣಯ್ಯ,” ಎಂದು ನಕ್ಕಿದ್ದಳು.

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಆಕೆ ಇದ್ದಷ್ಟು ಕಾಲವೂ ಬರಿಯ ಪ್ರನಾಳ ಸುಮ್ಮನಿದ್ದದ್ದೇ ಆಕೆಯ ಇರುವಿಕೆ. ಆಕೆ ಪರವೂರಿಗೆ ಹೋದ ದಿನ ಆ ಪ್ರನಾಳಗಳಿಗೆ ಮೊದಲ ಬಾರಿ ಸೋಪು ನೀರು ಮಾತ್ರ ಬಿತ್ತು. ಮುಂದಿನ ಸಲ ಅವು ಉಕ್ಕಿದವು. ಇಷ್ಟು ದಿನ ತಾವು ಕಿವಿಗೆ ಹಿಡಿದು ಕೇಳಿದ ಆ ಸದ್ದು ಆಕೆ ಬಂದದ್ದರ ಸದ್ದಲ್ಲ, ಆಕೆ ಇಲ್ಲದ್ದರ ಸದ್ದು. ನೋವಾಯ್ತೇ ಎಂದು ತಾವು ಕೇಳಿದ್ದು ಆಕೆಯನ್ನಲ್ಲ. ಆಕೆಯ ಕೈ ತಾಗದ ಗಾಜನ್ನು.

ಅವರು ತುಂಬ ಹೊತ್ತು ಅತ್ತರು. ಬ್ರಷ್ಷಪ್ಪ ಹೊರಗಿನಿಂದ ಬಾಗಿಲು ಎಳೆದುಕೊಂಡು ಅಲ್ಲೇ ನಿಂತಿದ್ದ, ಯಾರೂ ಒಳಗೆ ಹೋಗದಂತೆ.

ಆಮೇಲೆ ಮೇಷ್ಟ್ರು ಅಂಗಿಯ ತೋಳು ಮಡಿಸಿಕೊಂಡರು. ಆಮ್ಲ ಬೆರೆಸಿ ಬೆಚ್ಚಗೆ ಮಾಡಿದರು, ಪ್ರನಾಳಗಳನ್ನು ಒಂದೊಂದಾಗಿ ಇಳಿಬಿಟ್ಟರು. ಆವಿಗೆ ಗಂಟಲು ಕೆರೆದು ಕೆಮ್ಮು ಬಂತು. ಕಂದು ಪೊರೆ ಅಂಚಿನಿಂದ ಕರಗುತ್ತಾ ಹೋಯಿತು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಜಾಲಾಡಿಸಿ, ತಲೆಕೆಳಗಾಗಿ ನಿಲ್ಲಿಸಿದರು. ಕೈ ಉರಿಯತೊಡಗಿತು. ನಿಲ್ಲಿಸಲಿಲ್ಲ.

ಮುಗಿಸಿ, ಒಂದಕ್ಕೆ ಪೆರಾಕ್ಸೈಡ್ ಸುರಿದು ಎದುರು ಕುಳಿತರು. ಪ್ರಯೋಗಶಾಲೆ ಎಂದೂ ಇರದಷ್ಟು ನಿಶ್ಶಬ್ದವಾಗಿತ್ತು. ದ್ರವ ಕದಲಲಿಲ್ಲ. ಅವರು ಏಳಬೇಕೆನ್ನುವಷ್ಟರಲ್ಲಿ ತಳದಿಂದ ಒಂದೇ ಒಂದು ಗುಳ್ಳೆ ಬಿಡಿಸಿಕೊಂಡು, ಬಹಳ ನಿಧಾನವಾಗಿ ಮೇಲೇರಿ, ಮೇಲ್ಮೈಯಲ್ಲಿ ಕ್ಷಣ ನಿಂತು ಒಡೆಯಿತು. ಪೆರಾಕ್ಸೈಡ್ ತನ್ನಷ್ಟಕ್ಕೇ ಒಡೆಯುವುದುಂಟು, ಒಂದು ಗುಳ್ಳೆ ದೊಡ್ಡ ಮಾತಲ್ಲ. ಮೇಷ್ಟ್ರಿಗೆ ಅದು ಗೊತ್ತು. ಆದರೂ ಎರಡನೆಯದು ಬಂದೀತೇ ಎಂದು ಬಿಸಿಲು ಕಿಟಕಿ ದಾಟುವವರೆಗೆ ಕಾದರು. ಬರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಅವರ ಕೈ ನೋಡಿ ಗಾಬರಿಯಾದಳು.

“ಇದೇನ್ರೀ ಇದು? ಥೇಟ್ ಅವಳ ಕೈ ಹಾಗೇ ಆಗಿದೆಯಲ್ಲಾ!”

“ಹೌದು ಕಣೇ,” ಎಂದರು ಮೇಷ್ಟ್ರು. “ಬಾ, ಕೂತ್ಕೋ. ಇವತ್ತು ಅವಳ ಹೆಸರು ಹೇಳೋಣ.”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ ಕುಳಿತಳು. ಮೇಷ್ಟ್ರು ತಂದೆಯನ್ನು ನೆನೆದರು, ತಾಯಿಯನ್ನು ನೆನೆದರು. ಅಲ್ಲಿಗೆ ನಿಲ್ಲಿಸಿದರು. ಹೆಂಡತಿ ಅವರ ಮಂಡಿಯ ಮೇಲೆ ಕೈಯಿಟ್ಟಳು. ಅವರು ಕಣ್ಣು ಮುಚ್ಚಿ ಮುಂದುವರಿಸಿದರು.

“ದೇವರೇ, ನನ್ನ ತಂಗಿ ನಿನ್ನ ಬಳಿಗೆ ಬಂದಿದ್ದಾಳೆ. ನಾನು ಅವಳನ್ನು ದಾರಿಯಲ್ಲಿ ತಡೆದು ನಿಲ್ಲಿಸಿಕೊಂಡಿದ್ದೆ, ಅದು ಅವಳ ತಪ್ಪಲ್ಲ. ಅವಳು ಯಾರಿಗೂ ಹೇಳದೆ ಮಾಡಿದ ಕೆಲಸಗಳೆಲ್ಲ ನಿನಗೆ ತಿಳಿದಿವೆ. ಅವಳ ಬಿರಿದ ಬೆರಳುಗಳನ್ನು ನಿನ್ನ ಕೈಯಲ್ಲಿ ಹಿಡಿದುಕೋ. ಇನ್ನು ಅವಳು ಒಬ್ಬಳೇ ಬೆಂಚಿನ ಮೇಲೆ ಕೂತು ಕಾಯುವಂತಾಗದಿರಲಿ. ಅವಳಿಗೆ ದಣಿವಿಲ್ಲದ ನೆಲೆ ಕೊಡು, ಬೆಳಕು ಕೊಡು. ನನ್ನ ಕೂಸಿನ ಆತ್ಮಕ್ಕೆ ಶಾಂತಿ ಕೊಡು ತಂದೆ, ಶಾಂತಿ ಕೊಡು.”